ಕಣಜವಾಗಿ ಉಳಿದ ಚಾಪೆಲ್

1442ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಒಂದು ವಿಚಾರಣೆ ನಡೆಯಿತು. ಬ್ರಾಡ್‌ವೆಲ್ ಊರಿನಿಂದ ಆಚೆಗೆ, ಸಮುದ್ರದ ಅಂಚಿನಲ್ಲಿ ಒಂಟಿಯಾಗಿ ನಿಂತಿದ್ದ ಸೇಂಟ್ ಪೀಟರ್ ಚಾಪೆಲ್ ಬಗ್ಗೆ ಪಂಚರನ್ನು ಕೂರಿಸಿ ಕೇಳಿದರು. ಗೊತ್ತಿದ್ದಷ್ಟನ್ನು ಅವರು ಹೇಳಿದರು. ಚಾಪೆಲಿಗೆ ಒಂದು ಗರ್ಭಗೃಹವಿದೆ, ಜನ ಕೂಡುವ ಅಂಗಳವಿದೆ, ಎರಡು ಗಂಟೆಗಳಿರುವ ಒಂದು ಸಣ್ಣ ಗೋಪುರವಿದೆ. ಹಿಂದೊಮ್ಮೆ ಅದಕ್ಕೆ ಬೆಂಕಿ ಬಿದ್ದಿತ್ತು. ಆಗ ಗರ್ಭಗೃಹದ ಕಡೆಯನ್ನು ಪಾದ್ರಿ ದುರಸ್ತಿ ಮಾಡಿಸಿದರು, ಉಳಿದದ್ದನ್ನು ಊರಿನ ಚರ್ಚಿನ ಧರ್ಮದರ್ಶಿಗಳು ಮಾಡಿಸಿದರು. ಆದರೆ ಅದನ್ನು ಕಟ್ಟಿದವರು ಯಾರು, ಕಟ್ಟಿದ್ದು ಯಾವಾಗ ಎಂಬುದು ತಮಗೆ ತಿಳಿಯದು ಎಂದರು.

ಅವರು ಸುಳ್ಳು ಹೇಳಲಿಲ್ಲ. ಅಜ್ಜ ಮುತ್ತಜ್ಜಂದಿರ ಬಾಯಲ್ಲಿ ಉಳಿಯಬಹುದಾದ ಕಾಲವನ್ನು ಆ ಚಾಪೆಲ್ ಎಂದೋ ದಾಟಿತ್ತು. ಅವರು ಹಾಗೆ ಹೇಳುವ ಹೊತ್ತಿಗೆ ಅದಕ್ಕೆ ಸುಮಾರು 780 ವರ್ಷ. ವಿಚಿತ್ರವೆಂದರೆ ಉತ್ತರ ಕಳೆದುಹೋಗಿರಲೇ ಇಲ್ಲ. 731ರಲ್ಲಿ ಜಾರೋ ಮಠದ ಬೀಡ್ ಎಂಬ ಸನ್ಯಾಸಿ ಲ್ಯಾಟಿನ್ನಿನಲ್ಲಿ ಬರೆದು ಮುಗಿಸಿದ ಇಂಗ್ಲಿಷ್ ಜನರ ಚರ್ಚಿನ ಇತಿಹಾಸದ ಮೂರನೆಯ ಭಾಗದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಆ ಗ್ರಂಥದ ಪ್ರತಿಗಳು ಯುರೋಪಿನ ಎಷ್ಟೋ ಮಠಗಳಲ್ಲಿದ್ದವು. ಹೆಸರು ಪುಸ್ತಕದಲ್ಲಿತ್ತು, ಗೋಡೆ ಹೊಲದಲ್ಲಿತ್ತು. ಇದರ ಹೆಸರು ಅದು, ಅದರ ಗೋಡೆ ಇದು ಎಂದು ಜೋಡಿಸಿ ಹೇಳುವವರು ಬ್ರಾಡ್‌ವೆಲ್‌ನಲ್ಲಿ ಇರಲಿಲ್ಲ. ಈ ಅಗಲಿಕೆಯ ಕಾಲದಲ್ಲಿ ಚಾಪೆಲ್ ರೈತನ ಕೈಗೆ ಹೋಯಿತು, ತೆನೆ ತುಂಬುವ ಕಣಜವಾಯಿತು. ಇವತ್ತು ಅದು ನಿಂತಿರುವುದಕ್ಕೆ ಅದೇ ಕಾರಣ ಎಂದು ನಾನು ನಂಬುತ್ತೇನೆ.

ಬೀಡ್ ಹೇಳುವ ಕಥೆ ಉತ್ತರದಿಂದ ಶುರುವಾಗುತ್ತದೆ. ನಾರ್ಥಂಬ್ರಿಯದ ಕಡಲಿನಲ್ಲಿ ಲಿಂಡಿಸ್‌ಫಾರ್ನ್ ಎಂಬ ನಡುಗಡ್ಡೆ. ಭರತ ಇಳಿದಾಗ ನಡೆದು ಹೋಗಬಹುದು, ಏರಿದಾಗ ಸುತ್ತಲೂ ನೀರು. ಐರಿಶ್ ಪರಂಪರೆಯ ಏಡನ್ ಎಂಬ ಬಿಷಪ್ ಅಲ್ಲಿ ಮಠ ಕಟ್ಟಿ ಹುಡುಗರಿಗೆ ಓದು ಕಲಿಸುತ್ತಿದ್ದ. ಅವನ ಕೈಯಲ್ಲಿ ಬೆಳೆದವರಲ್ಲಿ ಸೆಡ್ ಒಬ್ಬ. ಸೆಡ್‌ಗೆ ಮೂವರು ಒಡಹುಟ್ಟಿದವರು, ಕಿನೆಬಿಲ್, ಕೇಲಿನ್ ಮತ್ತು ಚಾಡ್. ನಾಲ್ವರೂ ಪಾದ್ರಿಗಳಾದರು, ಅದರಲ್ಲಿ ಇಬ್ಬರು ಬಿಷಪ್ ಆದರು. ಒಂದೇ ಮನೆಯಲ್ಲಿ ಇದು ಅಪರೂಪ ಎಂದು ಬೀಡ್ ಕೂಡ ಬೆರಗಾಗಿ ಬರೆಯುತ್ತಾನೆ.

ಆ ಕಾಲಕ್ಕೆ ಇಂಗ್ಲೆಂಡ್ ಒಂದು ದೇಶವಾಗಿರಲಿಲ್ಲ. ಹಲವು ಸಣ್ಣ ರಾಜ್ಯಗಳು, ಹಲವು ಅರಸರು. ಪೂರ್ವ ಸ್ಯಾಕ್ಸನ್ನರ ದೊರೆ ಸಿಗೆಬರ್ಟ್ ತನ್ನ ಗೆಳೆಯ, ನಾರ್ಥಂಬ್ರಿಯದ ದೊರೆ ಓಸ್ವಿಯುವನ್ನು ನೋಡಲು ಆಗಾಗ ಉತ್ತರಕ್ಕೆ ಹೋಗುತ್ತಿದ್ದ. ಕೈಯಿಂದ ಮಾಡಿದ ದೇವರು ದೇವರಾಗುವುದು ಹೇಗೆ ಎಂದು ಓಸ್ವಿಯು ವಾದಿಸುತ್ತಿದ್ದನಂತೆ. ಕೊನೆಗೆ ಸಿಗೆಬರ್ಟ್ ದೀಕ್ಷಾಸ್ನಾನ ಪಡೆದ, ತನ್ನ ಜನಕ್ಕೂ ಬೋಧಕರನ್ನು ಕಳಿಸಿಕೊಡಿ ಎಂದು ಕೇಳಿಕೊಂಡ. ಆಗ ಸೆಡ್ ಮಧ್ಯನಾಡಿನಲ್ಲಿ ಇಂಥದೇ ಕೆಲಸದಲ್ಲಿದ್ದ. ಅವನನ್ನು ಅಲ್ಲಿಂದ ಕರೆಸಿ, ಇನ್ನೊಬ್ಬ ಪಾದ್ರಿಯ ಜೊತೆಮಾಡಿ ಎಸೆಕ್ಸ್‌ಗೆ ಕಳಿಸಿದರು. ಇದು 653ರ ಸುಮಾರಿನ ಮಾತು. ಮುಂದೆ ಅವನೇ ಆ ನಾಡಿನ ಬಿಷಪ್ ಆದ, ಊರೂರಲ್ಲಿ ಚರ್ಚು ಕಟ್ಟಿದ. ಅವುಗಳಲ್ಲಿ ಎರಡು ಜಾಗಗಳನ್ನು ಬೀಡ್ ಹೆಸರಿಸುತ್ತಾನೆ. ಒಂದು ಥೇಮ್ಸ್ ದಡದ ಟಿಲ್ಬರಿ. ಇನ್ನೊಂದು ಪ್ಯಾಂಟ್ ನದಿಯ ದಡದ ಯಿಥಾನ್‌ಕೆಸ್ಟರ್. ಆ ನದಿಯನ್ನು ಈಗ ಬ್ಲ್ಯಾಕ್‌ವಾಟರ್ ಎನ್ನುತ್ತಾರೆ. ಅದು ಕಡಲು ಸೇರುವಲ್ಲಿ ಬ್ರಾಡ್‌ವೆಲ್ ಇದೆ.

ಆ ಜಾಗ ಪಾಳು ಬಿದ್ದಿದ್ದ ರೋಮನ್ ಕೋಟೆ. ಮೂರನೆಯ ಶತಮಾನದಲ್ಲಿ ರೋಮನ್ನರು ಪೂರ್ವ ಮತ್ತು ದಕ್ಷಿಣ ಕರಾವಳಿಯ ಉದ್ದಕ್ಕೆ ಕಟ್ಟಿದ ಕೋಟೆಗಳ ಸಾಲಿನಲ್ಲಿ ಇದೂ ಒಂದು. ಓಥೋನ ಎಂದು ಇದರ ಹೆಸರು, ಫೋರ್ಟೆನ್ಸಸ್ ಎಂಬ ಪಡೆ ಇಲ್ಲಿ ಇತ್ತು ಎಂದು ರೋಮನ್ ಅಧಿಕಾರಿಗಳ ಪಟ್ಟಿಯೊಂದು ಹೇಳುತ್ತದೆ. ಐದನೆಯ ಶತಮಾನದ ಮೊದಲಲ್ಲಿ ರೋಮನ್ ಆಡಳಿತ ಹೊರಟುಹೋಯಿತು, ಕೋಟೆ ಉಳಿಯಿತು. ಸೆಡ್ ಬರುವ ಹೊತ್ತಿಗೆ ಎರಡೂವರೆ ಶತಮಾನದ ಪಾಳು.

ಲಿಂಡಿಸ್‌ಫಾರ್ನ್‌ನವರಿಗೆ ಮರ ಕಡಿದು ಕಟ್ಟುವುದು ರೂಢಿ. ಅಲ್ಲಿ ಫಿನಾನ್ ಬಿಷಪ್ ಕಟ್ಟಿದ ಚರ್ಚು ಸೀಳಿದ ಓಕ್ ಮರದ್ದು, ಮೇಲೆ ಜೊಂಡಿನ ಹೊದಿಕೆ. ಆದರೆ ಬ್ರಾಡ್‌ವೆಲ್‌ನಲ್ಲಿ ಕಲ್ಲೂ ಇಟ್ಟಿಗೆಯೂ ಕಾಲಬುಡದಲ್ಲೇ ರಾಶಿ ಬಿದ್ದಿದ್ದವು. ಹಾಗಾಗಿ ಗೋಡೆಗಳು ರೋಮನ್ ಕಲ್ಲಿನಿಂದ ಎದ್ದವು. ಮೂಲೆಗಳಿಗೆ ಕೆತ್ತಿದ ದೊಡ್ಡ ಕಲ್ಲು, ನಡುವೆ ಸಿಕ್ಕಿದ್ದೆಲ್ಲ, ಕಮಾನುಗಳಿಗೆ ಚಪ್ಪಟೆ ಕೆಂಪು ಇಟ್ಟಿಗೆ. ಚಾಪೆಲ್ ಕೂತಿರುವುದು ಕೋಟೆಯ ಪಶ್ಚಿಮ ಗೋಡೆಯ ಮೇಲೆಯೇ, ಹೆಬ್ಬಾಗಿಲು ಇದ್ದ ಜಾಗದಲ್ಲಿ. ಗೋಡೆ ಮೇಲಿನ ಸೇಂಟ್ ಪೀಟರ್ ಎಂದು ಜನ ಇವತ್ತಿಗೂ ಕರೆಯುವುದು ಅದಕ್ಕೇ. ಕೋಟೆಯೊಳಗಿನ ಯಾವುದೋ ಮೂಲೆಯಲ್ಲಿ ಕಟ್ಟಬಹುದಿತ್ತು. ಹಳೆಯ ಬಾಗಿಲ ಅಡಿಪಾಯ ಗಟ್ಟಿ, ರೋಮನ್ ರಸ್ತೆ ಬಂದು ಮುಟ್ಟುವುದೂ ಅಲ್ಲಿಗೇ. ಕೆಲಸ ಬಲ್ಲವರು ಆರಿಸುವ ಜಾಗ ಅದು.

ಕಟ್ಟಡ ದೊಡ್ಡದಲ್ಲ. ನಿಂತಿರುವ ಭಾಗ ಸುಮಾರು 15 ಮೀಟರ್ ಉದ್ದ, ಆರೂವರೆ ಮೀಟರ್ ಅಗಲ. ಮೊದಲು ಪೂರ್ವಕ್ಕೆ ಅರ್ಧವೃತ್ತದ ಗರ್ಭಗೃಹವಿತ್ತು, ಪಶ್ಚಿಮಕ್ಕೆ ಮುಖಮಂಟಪವಿತ್ತು, ಉತ್ತರ ದಕ್ಷಿಣಕ್ಕೆ ಒಂದೊಂದು ಪಕ್ಕದ ಕೋಣೆ ಇತ್ತು. ಕುತೂಹಲದ ಸಂಗತಿ ಒಂದಿದೆ. ಸೆಡ್ ಐರಿಶ್ ಪದ್ಧತಿಯಲ್ಲಿ ಬೆಳೆದವನು, ಆದರೆ ಈ ನಕ್ಷೆ ರೋಮಿನಿಂದ ಬಂದ ಪಾದ್ರಿಗಳು ಕೆಂಟ್ ನಾಡಿನಲ್ಲಿ ಕಟ್ಟಿದ ಚರ್ಚುಗಳ ಜಾತಿಯದು. ಹತ್ತು ವರ್ಷದಲ್ಲೇ ಆ ಎರಡು ಪದ್ಧತಿಗಳು ಈಸ್ಟರ್ ಹಬ್ಬದ ದಿನದ ಲೆಕ್ಕಕ್ಕಾಗಿ ಜಗಳಕ್ಕೆ ಕೂತವು. ಇಲ್ಲಿ ಎರಡೂ ಒಂದೇ ಸೂರಿನಡಿ ಇದ್ದವು.

ಸೆಡ್ ಮೃದು ಮನುಷ್ಯನೇನೂ ಅಲ್ಲ. ದೊರೆ ಸಿಗೆಬರ್ಟನ ನೆಂಟನೊಬ್ಬ ಚರ್ಚು ಒಪ್ಪದ ಮದುವೆ ಮಾಡಿಕೊಂಡಿದ್ದ. ಅವನ ಮನೆಗೆ ಯಾರೂ ಹೋಗಕೂಡದು, ಅನ್ನ ಮುಟ್ಟಕೂಡದು ಎಂದು ಸೆಡ್ ಬಹಿಷ್ಕಾರ ಹಾಕಿದ. ದೊರೆ ಲೆಕ್ಕಿಸದೆ ಊಟಕ್ಕೆ ಹೋದ. ಉಂಡು ಹೊರಬರುವಾಗ ಎದುರಿಗೆ ಬಿಷಪ್ ಬರುತ್ತಿದ್ದಾನೆ. ದೊರೆ ನಡುಗಿ ಕುದುರೆಯಿಂದ ಇಳಿದು ಕಾಲಿಗೆ ಬಿದ್ದ. ಸೆಡ್ ತಾನೂ ಇಳಿದು, ಕೈಯಲ್ಲಿದ್ದ ಕೋಲನ್ನು ಬಿದ್ದವನ ಮೈಗೆ ತಾಗಿಸಿ, ನಿನ್ನ ಸಾವು ಈ ಮನೆಯಲ್ಲೇ ಎಂದ. ಹಾಗೇ ಆಯಿತು, ಅದೇ ನೆಂಟ ಮತ್ತು ಅವನ ತಮ್ಮ ಸೇರಿ ದೊರೆಯನ್ನು ಕೊಂದರು. ಯಾಕೆ ಕೊಂದಿರಿ ಎಂದಾಗ ಅವರು ಕೊಟ್ಟ ಕಾರಣ ನನ್ನನ್ನು ಬಿಡದೆ ಕಾಡುತ್ತದೆ. ದೊರೆ ಶತ್ರುಗಳನ್ನು ಬಹಳ ಸುಲಭವಾಗಿ ಕ್ಷಮಿಸುತ್ತಿದ್ದ, ಅದಕ್ಕೇ ಕೋಪ ಎಂದರಂತೆ.

ಎಸೆಕ್ಸ್‌ನ ಬಿಷಪ್ ಆದಮೇಲೂ ಸೆಡ್ ಆಗಾಗ ಊರ ಕಡೆ ಹೋಗುತ್ತಿದ್ದ. ಅಲ್ಲಿ ಯಾರ್ಕ್‌ಶೈರಿನ ಬೆಟ್ಟಗಳ ನಡುವೆ ಲಾಸ್ಟಿಂಗಂನಲ್ಲಿ ಮಠಕ್ಕೆ ಜಾಗ ಸಿಕ್ಕಿತು. ಮೊದಲು ಜಾಗವನ್ನು ಉಪವಾಸದಿಂದ ಶುದ್ಧಮಾಡಬೇಕೆಂದು ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಅಲ್ಲೇ ಕೂತ. ಭಾನುವಾರ ಬಿಟ್ಟು ದಿನವೂ ಸಂಜೆಯವರೆಗೆ ಏನೂ ಇಲ್ಲ. ಸಂಜೆಗೆ ಒಂದು ಚೂರು ರೊಟ್ಟಿ, ಒಂದು ಕೋಳಿಮೊಟ್ಟೆ, ನೀರು ಬೆರೆಸಿದ ಸ್ವಲ್ಪ ಹಾಲು. ಇನ್ನು ಹತ್ತು ದಿನ ಇರುವಾಗ ಆ ನಾಡಿನ ದೊರೆಯಿಂದ ಕರೆ ಬಂತು, ಉಳಿದ ವ್ರತವನ್ನು ತಮ್ಮ ಕಿನೆಬಿಲ್ ಮುಗಿಸಿಕೊಟ್ಟ. ಇಷ್ಟು ಸಣ್ಣ ವಿವರಗಳು ಬೀಡ್‌ಗೆ ದಕ್ಕಿದ್ದು ಲಾಸ್ಟಿಂಗಂ ಮಠದವರಿಂದಲೇ. ಅವರಿಂದ ಕೇಳಿ ಬರೆದೆ ಎಂದು ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ.

664ರಲ್ಲಿ ವಿಟ್ಬಿಯಲ್ಲಿ ಈಸ್ಟರ್ ದಿನದ ಬಗ್ಗೆ ಸಭೆ ಸೇರಿತು. ಐರಿಶ್ ಕಡೆಯವರಿಗೂ ರೋಮನ್ ಕಡೆಯವರಿಗೂ ನಡುವೆ ಮಾತು ದಾಟಿಸುವ ದುಭಾಷಿಯಾಗಿ ಸೆಡ್ ಕೂತ. ಕೊನೆಗೆ ರೋಮನ್ ಲೆಕ್ಕ ಗೆದ್ದಿತು. ತಾನು ಬೆಳೆದ ಪದ್ಧತಿ ಸೋತರೂ ಅವನು ತೀರ್ಪನ್ನು ಒಪ್ಪಿಕೊಂಡ. ಅದೇ ವರ್ಷ ನಾಡಿಗೆಲ್ಲ ಪಿಡುಗು ಹಬ್ಬಿತು. ಲಾಸ್ಟಿಂಗಂನಲ್ಲಿದ್ದಾಗ ಸೆಡ್ ಅದಕ್ಕೆ ಬಲಿಯಾದ. ಸುದ್ದಿ ಎಸೆಕ್ಸ್ ಮುಟ್ಟಿದಾಗ ಅಲ್ಲಿನ ಮಠದ ಸುಮಾರು ಮೂವತ್ತು ಮಂದಿ, ಬದುಕಿದರೂ ಸತ್ತರೂ ನಮ್ಮ ಗುರುವಿನ ದೇಹದ ಹತ್ತಿರವೇ ಎಂದು ಉತ್ತರಕ್ಕೆ ಹೊರಟರು. ಅಲ್ಲಿ ಅವರಿಗೂ ಪಿಡುಗು ತಗಲಿತು. ಒಬ್ಬ ಹುಡುಗ ಮಾತ್ರ ಬದುಕಿದ. ಅವನು ಮುಂದೆ ಪಾದ್ರಿಯಾಗಿ ಬಹಳ ಕಾಲ ಬಾಳಿದ.

ಹುಡುಗ ಉಳಿದ, ಎಸೆಕ್ಸ್‌ನಲ್ಲಿ ಮಠ ಉಳಿಸಿಕೊಳ್ಳುವ ಜನ ಉಳಿಯಲಿಲ್ಲ. ಪಿಡುಗಿಗೆ ಹೆದರಿದ ಜನ ಹಳೆಯ ದೇವರ ಗುಡಿಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು ಎಂದು ಬೀಡ್ ಬರೆಯುತ್ತಾನೆ. ಅವರನ್ನು ಮರಳಿ ಕರೆತರಲು ಮರ್ಸಿಯದಿಂದ ಇನ್ನೊಬ್ಬ ಬಿಷಪ್ ಬರಬೇಕಾಯಿತು. ಅಲ್ಲಿಂದ ಮುಂದೆ ಯಿಥಾನ್‌ಕೆಸ್ಟರ್ ಎಂಬ ಹೆಸರೇ ಜನರ ಬಾಯಿಂದ ಮರೆಯಾಗುತ್ತ ಹೋಯಿತು. ಊರು ಒಳನಾಡಿಗೆ ಸರಿಯಿತು, ಅಲ್ಲಿ ಸೇಂಟ್ ಥಾಮಸ್ ಹೆಸರಿನ ದೊಡ್ಡ ಚರ್ಚು ಬಂತು. ಸಮುದ್ರದಂಚಿನದು ಅದರ ಉಪ ಚಾಪೆಲ್ ಆಗಿ ಉಳಿಯಿತು. ದೂರದ ಮನೆಗಳವರಿಗೆ ಪ್ರಾರ್ಥನೆಗೆ ಅದು ಸಾಕಾಗಿತ್ತು. 1442ರ ಪಂಚರು ನೋಡಿದ್ದು ಈ ಚಾಪೆಲನ್ನು.

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾಯಿತು, ಮಠಗಳು ಮುಚ್ಚಿದವು, ಸಣ್ಣಪುಟ್ಟ ಚಾಪೆಲ್‌ಗಳ ಆದಾಯ ನಿಂತಿತು. ನಾಡಿನ ತುಂಬ ಇಂಥ ಕಟ್ಟಡಗಳು ಕಲ್ಲಿನ ಕ್ವಾರಿಗಳಾದವು, ಮನೆಗಳಾದವು, ಕೊಟ್ಟಿಗೆಗಳಾದವು. ಹದಿನೇಳನೆಯ ಶತಮಾನದ ಹೊತ್ತಿಗೆ ಸೆಡ್‌ನ ಚಾಪೆಲ್ ಪಕ್ಕದ ಹೊಲದವರ ಕಣಜವಾಗಿತ್ತು.

ಆ ಹೊಲದವರು ಇದ್ದ ನೆಲ ಎಂಥದೆಂದು ತಿಳಿದರೆ ಉಳಿದದ್ದು ಅರ್ಥವಾಗುತ್ತದೆ. ಬ್ಲ್ಯಾಕ್‌ವಾಟರ್ ಮತ್ತು ಕ್ರೌಚ್ ನದಿಗಳ ನಡುವೆ ಕಡಲಿಗೆ ಚಾಚಿರುವ ಈ ತಗ್ಗುನೆಲಕ್ಕೆ ಡೆಂಜಿ ಎಂದು ಹೆಸರು. ಉಪ್ಪುನೀರಿನ ಜೌಗು, ಕುರಿ ಮೇಯಿಸುವ ಹುಲ್ಲು, ಒಡ್ಡಿನ ಈಚೆ ಗೋಧಿ. ಸೊಳ್ಳೆಯೂ ಚಳಿಜ್ವರವೂ ಆಗ ಇಲ್ಲಿನ ಖಾಯಂ ವಾಸಿಗಳು. 1720ರ ದಶಕದಲ್ಲಿ ಈ ಕಡೆ ಓಡಾಡಿದ ಡೇನಿಯಲ್ ಡೀಫೋ ಒಂದು ಮಾತು ಬರೆದಿದ್ದಾನೆ. ಇಲ್ಲಿನ ಗಂಡಸರು ಜೌಗಿನಲ್ಲೇ ಹುಟ್ಟಿ ಬೆಳೆದು ಜ್ವರಕ್ಕೆ ಒಗ್ಗಿಕೊಂಡವರು. ಅವರು ಮೇಲ್ನಾಡಿನಿಂದ ಮದುವೆಯಾಗಿ ತಂದ ಹೆಣ್ಣುಗಳು ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದಲ್ಲಿ ಜ್ವರ ಹಿಡಿದು ಸಾಯುತ್ತಿದ್ದರು. ಹಾಗಾಗಿ ಐದಾರು ಮದುವೆಯಾದವರು ಸಾಮಾನ್ಯ, ಹದಿನಾಲ್ಕು ಹದಿನೈದು ಆದವರೂ ಇದ್ದರು ಎಂದು ಅವನು ಕೇಳಿಸಿಕೊಂಡ. ಲೆಕ್ಕ ಉಬ್ಬಿದ್ದಿರಬಹುದು. ಆ ಹೆಣ್ಣುಮಕ್ಕಳ ಸಾವು ಉಬ್ಬಿಸಿದ್ದಲ್ಲ. ಅನುಕೂಲವಿದ್ದ ಪಾದ್ರಿಗಳು ಇಂಥ ಕಡೆ ವಾಸಮಾಡುತ್ತಿರಲಿಲ್ಲ. ಊರಾಚೆಯ ಒಂದು ಹಳೆಯ ಕಟ್ಟಡದ ಚರಿತ್ರೆ ಕೆದಕುವ ಪುರಸೊತ್ತು ಯಾರಿಗಿತ್ತು?

ಪುರಸೊತ್ತೂ ಹಣವೂ ಇದ್ದ ಒಬ್ಬ ಬಂದ. ಹೆನ್ರಿ ಬೇಟ್ ಡಡ್ಲಿ ಎಂದು ಹೆಸರು. ಪಾದ್ರಿ, ಪತ್ರಿಕೆಯ ಸಂಪಾದಕ, ದ್ವಂದ್ವಯುದ್ಧಗಳಿಗೆ ಹೆಸರಾದ ಜಗಳಗಂಟ, ಚಿತ್ರಕಾರ ಗೇನ್ಸ್‌ಬರೋನ ಗೆಳೆಯ. 1781ರಲ್ಲಿ ಅವನು ಬ್ರಾಡ್‌ವೆಲ್‌ಗೆ ಪಾದ್ರಿಯನ್ನು ನೇಮಿಸುವ ಹಕ್ಕನ್ನೇ ದುಡ್ಡು ಕೊಟ್ಟು ಕೊಂಡ. ಜೌಗಿನ ನೀರು ಬಸಿದು ಜಮೀನು ತೆಗೆದ, ರಸ್ತೆ ಮಾಡಿಸಿದ, ತನಗೊಂದು ಸೊಗಸಾದ ಮನೆ ಕಟ್ಟಿಸಿದ. ಕ್ರೈಸ್ತ ಇಂಗ್ಲೆಂಡಿನ ಅತಿ ಹಳೆಯ ಗೋಡೆಗಳಲ್ಲಿ ಕೆಲವು ಅವನದೇ ಪ್ಯಾರಿಷ್‌ನಲ್ಲಿ ತೆನೆ ತುಂಬಿಕೊಂಡು ನಿಂತಿದ್ದವು. ಹಾಗೆಯೇ ನಿಂತಿದ್ದವು.

ಈಗ ಆ ಗೋಡೆಗಳ ಹತ್ತಿರ ಹೋಗೋಣ. ಉತ್ತರದ ಉದ್ದ ಗೋಡೆಯ ನಡುಮಧ್ಯದಲ್ಲಿ ಒಂದು ದೊಡ್ಡ ತೇಪೆ ಕಾಣುತ್ತದೆ. ನೆಲದಿಂದ ಎದ್ದು ಬಹಳ ಎತ್ತರಕ್ಕೆ ಹೋಗಿ ನಿಲ್ಲುವ ಇದರ ಕಲ್ಲಿನ ಹೆಣಿಗೆ ಅಕ್ಕಪಕ್ಕದ ಏಳನೆಯ ಶತಮಾನದ ಹೆಣಿಗೆಗಿಂತ ಬೇರೆ. ದಕ್ಷಿಣದ ಗೋಡೆಯಲ್ಲೂ ಸರಿಯಾಗಿ ಎದುರಿಗೆ ಇಂಥದೇ ಇನ್ನೊಂದು. ಪೂಜೆಗೆ ಬರುವವರಿಗೆ ಇಷ್ಟು ಎತ್ತರದ ಬಾಗಿಲು ಬೇಡ. ತೆನೆ ಹೇರಿದ ಗಾಡಿಗೆ ಬೇಕು.

ಇಂಗ್ಲೆಂಡಿನ ಹಳೆಯ ಬಾರ್ನ್‌ಗಳ ಲೆಕ್ಕಾಚಾರವೇ ಅದು. ಮಳೆ ಯಾವಾಗ ಬಂದೀತೆಂದು ಹೇಳಲಾಗದ ನಾಡಿನಲ್ಲಿ ಬಯಲ ಕಣ ನಡೆಯದು, ಕಣಕ್ಕೇ ಸೂರು ಬೇಕು. ಕಟ್ಟಡದ ಎರಡು ಉದ್ದ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಹೆಬ್ಬಾಗಿಲು. ಸಿವುಡು ಹೇರಿದ ಗಾಡಿ ಒಂದು ಬಾಗಿಲಲ್ಲಿ ಒಳಗೆ ಬರುತ್ತದೆ, ಎಡಕ್ಕೂ ಬಲಕ್ಕೂ ಸಿವುಡುಗಳನ್ನು ಇಳಿಸಿ ಮಾಡಿನವರೆಗೆ ಒಟ್ಟುತ್ತಾರೆ, ಖಾಲಿ ಗಾಡಿ ತಿರುಗಿಸುವ ಗೋಜಿಲ್ಲದೆ ಎದುರಿನ ಬಾಗಿಲಲ್ಲಿ ಹೊರಟುಹೋಗುತ್ತದೆ. ಎರಡು ಬಾಗಿಲ ನಡುವಿನ ನೆಲವೇ ಕಣ. ಚಳಿಗಾಲದಲ್ಲಿ ಹೊಲದ ಕೆಲಸ ನಿಂತಾಗ ಆಳುಗಳು ಒಟ್ಟಿದ ಸಿವುಡನ್ನು ಒಂದೊಂದಾಗಿ ಇಳಿಸಿ ಹರವಿ, ಚರ್ಮದ ಪಟ್ಟಿಯಿಂದ ಕಟ್ಟಿದ ಜೋಡಿ ಕೋಲಿನಿಂದ ಬಡಿಯುತ್ತಾರೆ. ಕಾಳು ಉದುರಿದ ಮೇಲೆ ಎರಡೂ ಬಾಗಿಲು ತೆರೆದರೆ ಗಾಳಿ ಅಡ್ಡಕ್ಕೆ ಬೀಸುತ್ತದೆ. ಆ ಗಾಳಿಗೆ ತೂರಿದರೆ ಹೊಟ್ಟು ಹಾರಿ ಕಾಳು ಕೆಳಗೆ ನಿಲ್ಲುತ್ತದೆ. ಬ್ರಾಡ್‌ವೆಲ್‌ನ ಸಮುದ್ರದಂಚಿನಲ್ಲಿ ಗಾಳಿಗೆ ಎಂದೂ ಬರವಿಲ್ಲ.

ಸೆಡ್‌ನ ಗೋಡೆ ಒಡೆದು ಬಾಗಿಲು ತೆಗೆದದ್ದನ್ನು ಹಾಳುಗೆಡವುವ ಕೆಲಸ ಎಂದೇ ಮೊದಲು ಅನ್ನಿಸುತ್ತದೆ. ಅನ್ನಿಸಬೇಕು ಕೂಡ, ಏಕೆಂದರೆ ಅಲ್ಲಿ ಹೋದ ಕಲ್ಲು ಮತ್ತೆ ಬರಲಿಲ್ಲ. ಅರ್ಧವೃತ್ತದ ಗರ್ಭಗೃಹವೂ ಮುಖಮಂಟಪವೂ ಗೋಪುರವೂ ಹೋದವು. ಆದರೆ ಉಳಿದ ನಾಲ್ಕು ಗೋಡೆಗೆ ಏನಾಯಿತು ನೋಡಿ. ಕಣಜದ ಮಾಡು ಸೋರಿದರೆ ಕಾಳು ಮೊಳೆಯುತ್ತದೆ, ಹುಲ್ಲು ಕೊಳೆಯುತ್ತದೆ. ಆದ್ದರಿಂದ ರೈತ ಹಂಚು ಸರಿದ ಕೂಡಲೇ ಏಣಿ ಹತ್ತಲೇಬೇಕು. ಮಾಡು ಗಟ್ಟಿಯಾಗಿದ್ದರೆ ಗೋಡೆಯ ತಲೆಗೆ ನೀರು ಇಳಿಯುವುದಿಲ್ಲ, ನೀರು ಇಳಿಯದ ಕಲ್ಲುಗೋಡೆ ಬೀಳುವುದಿಲ್ಲ. ಸುಮಾರು ಮುನ್ನೂರು ವರ್ಷ ಒಬ್ಬರಾದ ಮೇಲೆ ಒಬ್ಬರು ಈ ಕೆಲಸ ಮಾಡಿದರು. ಅವರಲ್ಲಿ ಯಾರಿಗೂ ಸೆಡ್ ಗೊತ್ತಿರಲಿಲ್ಲ, ಯಾರ ಹೆಸರೂ ನಮಗೆ ಗೊತ್ತಿಲ್ಲ.

ಇದು ಬರಿಯ ಅಭಿಮಾನದ ಮಾತಲ್ಲ ಎಂಬುದಕ್ಕೆ ಥೇಮ್ಸ್ ಅಳಿವೆಯ ಆಚೆ, ಕೆಂಟ್ ಕರಾವಳಿಯ ರೆಕಲ್ವರ್ ಸಾಕ್ಷಿ. ಅಲ್ಲೂ ಕಡಲಂಚಿನ ರೋಮನ್ ಕೋಟೆ. ಅಲ್ಲೂ ಕೋಟೆಯ ಕಲ್ಲಿನಿಂದ ಎದ್ದ ಏಳನೆಯ ಶತಮಾನದ ಚರ್ಚು. 669ರಲ್ಲಿ ಕೆಂಟ್ ದೊರೆ ಎಗ್‌ಬರ್ಟ್ ಆ ಜಾಗವನ್ನು ಬಾಸ್ಸ ಎಂಬ ಪಾದ್ರಿಗೆ ಕೊಟ್ಟ. ಬ್ರಾಡ್‌ವೆಲ್‌ಗಿಂತ ಅದು ದೊಡ್ಡದು, ಚೆಲುವಾದದ್ದು. ಗರ್ಭಗೃಹದ ಮುಂದೆ ಎರಡು ಕಲ್ಲುಕಂಬಗಳ ಮೇಲೆ ಮೂರು ಕಮಾನುಗಳಿದ್ದವು. ಅದು ಕಣಜವಾಗಲಿಲ್ಲ. ಕೊನೆಯ ದಿನದವರೆಗೂ ಪ್ಯಾರಿಷ್ ಚರ್ಚಾಗಿಯೇ ಇತ್ತು, ಪಾದ್ರಿ ಇದ್ದ, ಗಂಟೆ ಬಾರಿಸುತ್ತಿತ್ತು. ಕಡಲು ದಡ ಕೊರೆಯುತ್ತ ಹತ್ತಿರ ಬಂದಾಗ ಪ್ಯಾರಿಷ್‌ನವರೇ ಕೂತು ತೀರ್ಮಾನ ಮಾಡಿ 1809ರಲ್ಲಿ ಅದನ್ನು ಕೆಡವಿದರು, ಕಲ್ಲನ್ನು ಒಳನಾಡಿನ ಹೊಸ ಚರ್ಚಿಗೆ ಸಾಗಿಸಿದರು. ಹನ್ನೆರಡನೆಯ ಶತಮಾನದಲ್ಲಿ ಸೇರಿಸಿದ್ದ ಜೋಡಿ ಗೋಪುರ ಮಾತ್ರ ಉಳಿಯಿತು. ಹಡಗಿನವರಿಗೆ ದಿಕ್ಕಿನ ಗುರುತು ಬೇಕಾಗಿದ್ದರಿಂದ ದೀಪಸ್ತಂಭಗಳ ಹೊಣೆ ಹೊತ್ತ ಟ್ರಿನಿಟಿ ಹೌಸ್ ಅದನ್ನು ಉಳಿಸಿಕೊಂಡಿತು. ಆ ಎರಡು ಕಲ್ಲುಕಂಬಗಳು ಈಗ ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿವೆ. ಚರ್ಚಾಗಿ ಉಳಿದದ್ದು ಬಿತ್ತು, ಕಣಜವಾದದ್ದು ನಿಂತಿತು. ರೆಕಲ್ವರ್‌ನ ಗೋಪುರ ಉಳಿದದ್ದೂ ಯಾರಿಗೋ ಉಪಯೋಗಕ್ಕೆ ಬಂದದ್ದರಿಂದಲೇ.

ಹೆಸರೂ ಗೋಡೆಯೂ ಮತ್ತೆ ಹತ್ತಿರ ಬಂದದ್ದು ಮಣ್ಣು ಅಗೆಯುವವರಿಂದ. 1864ರಲ್ಲಿ ಡೆಂಜಿ ಕರಾವಳಿಯಲ್ಲಿ ಕಡಲಿನಿಂದ ಜಮೀನು ಪಡೆಯುವ ಕಂಪನಿಯೊಂದು ಒಡ್ಡು ಹಾಕಿಸುತ್ತಿತ್ತು. ಒಡ್ಡಿಗೆ ಮಣ್ಣು ತೆಗೆಯುವಾಗ ಕೋಟೆಗೋಡೆ ಸಿಕ್ಕಿತು. ಆಕ್ಸ್‌ಲಿ ಪಾರ್ಕರ್ ಎಂಬ ಸ್ಥಳೀಯ ಜಮೀನ್ದಾರ ಉತ್ಖನನ ಮಾಡಿಸಿದಾಗ ಗೋಡೆಯ ಜಾಡು ಸ್ಪಷ್ಟವಾಯಿತು, ರೋಮನ್ ನಾಣ್ಯಗಳೂ ಬಂದವು. ಕೋಟೆಯ ಪೂರ್ವದ ಭಾಗವನ್ನು ಕಡಲು ಆಗಲೇ ನುಂಗಿತ್ತು. ಓಥೋನ ಇದೇ ಎಂದಾದರೆ ಯಿಥಾನ್‌ಕೆಸ್ಟರ್ ಕೂಡ ಇದೇ. ಹಾಗಾದರೆ ಕೋಟೆಯ ಬಾಗಿಲ ಮೇಲೆ ರೋಮನ್ ಇಟ್ಟಿಗೆಯಲ್ಲಿ ಕಟ್ಟಿ ನಿಂತಿರುವ ಈ ಕಣಜ ಯಾವುದು? ಬೀಡ್‌ನ ಪುಟವನ್ನು ಕೈಯಲ್ಲಿ ಹಿಡಿದು ಬಂದು ನೋಡಿದವರಿಗೆ ಪೂರ್ವದ ಗೋಡೆಯಲ್ಲಿ, ಗರ್ಭಗೃಹ ಇದ್ದ ಕಡೆ, ಮುರಿದ ಕಮಾನುಗಳ ಬುಡ ಇನ್ನೂ ಅಂಟಿಕೊಂಡಿದ್ದು ಕಾಣಿಸಿತು.

ಆ ದಶಕವೇ ಇಂಥ ಕಣ್ಣು ತೆರೆಯುವ ದಶಕ. ಮರುವರ್ಷ, 1865ರಲ್ಲಿ, ಸೆವರ್ನ್ ನದಿಯ ದಡದ ಡೀರ್‌ಹರ್ಸ್ಟ್‌ನಲ್ಲಿ ಒಂದು ರೈತನ ಮನೆಯ ದುರಸ್ತಿ ನಡೆಯುವಾಗ ಗಾರೆಯ ಹಿಂದೆ ಸ್ಯಾಕ್ಸನ್ ಕಿಟಕಿ ಕಂಡಿತು. ಊರಿನ ಪಾದ್ರಿ ಜಾರ್ಜ್ ಬಟರ್‌ವರ್ತ್ ಅದರ ಬೆನ್ನು ಹತ್ತಿದಾಗ, ಆ ಮನೆಯ ಅಡುಗೆಮನೆ ಒಂದು ಚಾಪೆಲಿನ ಅಂಗಳವೆಂದು ತಿಳಿಯಿತು. ಅದರ ಶಾಸನ 1675ರಲ್ಲೇ ಪಕ್ಕದ ತೋಟದಲ್ಲಿ ಸಿಕ್ಕಿತ್ತು. ಓಡ್ಡ ಎಂಬ ಸರದಾರ ತನ್ನ ತಮ್ಮ ಆಲ್ಫ್ರಿಕ್‌ನ ಆತ್ಮಶಾಂತಿಗಾಗಿ ಇದನ್ನು ಕಟ್ಟಿಸಿದ, ಬಿಷಪ್ ಈಲ್ಡ್ರೆಡ್ ಪ್ರತಿಷ್ಠೆ ಮಾಡಿದ ಎಂದು ಅದರಲ್ಲಿ ಕೊರೆದಿದೆ, ಕಾಲ 1056ರ ಏಪ್ರಿಲ್ 12. ಕಲ್ಲನ್ನು ಆಕ್ಸ್‌ಫರ್ಡ್‌ಗೆ ಒಯ್ದರು, ಅದು ಊರಿನ ದೊಡ್ಡ ಚರ್ಚಿನದು ಎಂದು ಎಲ್ಲರೂ ನಂಬಿದ್ದರು. ಶಾಸನ ಹೇಳುತ್ತಿದ್ದ ಗೋಡೆಯ ನಡುವೆ ಇನ್ನೂ 190 ವರ್ಷ ಒಲೆ ಉರಿಯಿತು. ಅಲ್ಲೂ ಅಷ್ಟೇ, ಓದುಬಲ್ಲವರ ಕೈಗೆ ಅಕ್ಷರ ಹೋಯಿತು, ಕಟ್ಟಡ ಮನೆಯವರ ಕೈಯಲ್ಲಿ ಉಳಿಯಿತು.

ಬ್ರಾಡ್‌ವೆಲ್‌ನಲ್ಲಿ ಗುರುತು ಸಿಕ್ಕಿದ ಕೂಡಲೇ ಯಾರೂ ತೆನೆ ಖಾಲಿಮಾಡಲಿಲ್ಲ. ಇನ್ನೂ ಐವತ್ತಕ್ಕೂ ಹೆಚ್ಚು ವರ್ಷ ಕಣಜ ಕಣಜವಾಗಿಯೇ ನಡೆಯಿತು. 1914ರಲ್ಲಿ ಎಸೆಕ್ಸ್‌ಗೆ ತನ್ನದೇ ಚೆಲ್ಮ್ಸ್‌ಫರ್ಡ್ ಡಯಾಸಿಸ್ ಬಂತು. ಹೊಸ ಬಿಷಪರ ಪೀಠಕ್ಕೆ ಒಂದು ಪ್ರಾಚೀನ ಬೇರು ಬೇಕಿತ್ತು ಎನ್ನಬಹುದು. ಸೆಡ್‌ಗಿಂತ ಹಳೆಯ ಬೇರು ಆ ನೆಲದಲ್ಲಿ ಎಲ್ಲಿದೆ? ಮಹಾಯುದ್ಧ ಮುಗಿದ ಮೇಲೆ ಕಟ್ಟಡ ಚರ್ಚಿನ ಕೈಗೆ ಬಂತು, ವೈಕಂ ಚಾನ್ಸೆಲರ್ ಎಂಬ ವಾಸ್ತುಶಿಲ್ಪಿ ಜೀರ್ಣೋದ್ಧಾರ ವಹಿಸಿಕೊಂಡರು. 1920ರ ಜೂನ್ 22ರಂದು ಮರುಪ್ರತಿಷ್ಠೆ ಆಯಿತು.

ಆ ಜೀರ್ಣೋದ್ಧಾರದಲ್ಲಿ ನನಗೆ ಬಹಳ ಹಿಡಿಸುವುದು ಅದು ಮಾಡದೆ ಬಿಟ್ಟ ಕೆಲಸಗಳು. ಗಾಡಿಬಾಗಿಲುಗಳನ್ನು ಮುಚ್ಚಿದರು, ಮುಚ್ಚಿದ ಗುರುತನ್ನು ಮುಚ್ಚಲಿಲ್ಲ. ಹೋದ ಗರ್ಭಗೃಹವನ್ನು ಊಹೆಯಿಂದ ಎಬ್ಬಿಸಲಿಲ್ಲ. ಅದು ಎಲ್ಲಿತ್ತೆಂದು ಇವತ್ತು ನೆಲದ ಮೇಲೆ ರೇಖೆ ಇದೆ, ಅಷ್ಟೇ. ವಿಕ್ಟೋರಿಯಾ ಕಾಲದ ಜೀರ್ಣೋದ್ಧಾರಕರಿಗೆ ಅರ್ಧ ಶತಮಾನ ಮುಂಚೆ ಈ ಚಾಪೆಲ್ ಸಿಕ್ಕಿದ್ದರೆ ಹೀಗೆ ಬಿಡುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಬಣ್ಣದ ಗಾಜು, ಕೆತ್ತನೆಯ ಆಸನ, ಹೊಸ ಗೋಪುರ, ಎಲ್ಲ ಬರುತ್ತಿತ್ತು. ತಡವಾಗಿ ಸಿಕ್ಕಿದ್ದೇ ಒಳ್ಳೆಯದಾಯಿತು, ಆ ಅರ್ಧ ಶತಮಾನವೂ ಅದು ರೈತನ ಬಳಿಯೇ ಇದ್ದದ್ದು ಒಳ್ಳೆಯದಾಯಿತು.

ಆಮೇಲಿನ ಚರಿತ್ರೆ ಬೇಗ ಹೇಳಿ ಮುಗಿಸಬಹುದು. ಎರಡನೆಯ ಮಹಾಯುದ್ಧದಲ್ಲಿ ಪಕ್ಕದಲ್ಲೇ ವಾಯುಪಡೆಯ ನೆಲೆ ಬಂತು. 1946ರಲ್ಲಿ ನಾರ್ಮನ್ ಮಾಟ್ಲಿ ಎಂಬ ಪಾದ್ರಿ, ಯುದ್ಧದಲ್ಲಿ ವಾಯುಪಡೆಯ ಗುರುಗಳಾಗಿದ್ದವರು, ಶತ್ರುದೇಶದವರಾಗಿದ್ದವರೂ ಕೂಡಿ ಬಾಳಲಿ ಎಂದು ಚಾಪೆಲ್ ಹತ್ತಿರ ಒಂದು ಸಮುದಾಯವನ್ನು ಕಟ್ಟಿದರು. ಅದಕ್ಕೆ ಕೋಟೆಯ ಹೆಸರನ್ನೇ ಇಟ್ಟರು, ಓಥೋನ. ಅದು ಇವತ್ತಿಗೂ ಇದೆ. 1962ರಿಂದ 2002ರವರೆಗೆ ಅಳಿವೆಯ ದಡದಲ್ಲಿ ಅಣುವಿದ್ಯುತ್ ಸ್ಥಾವರ ನಡೆಯಿತು, ಅದರ ಚೌಕ ಗಾತ್ರ ಚಾಪೆಲ್ ಅಂಗಳದಿಂದ ಕಾಣುತ್ತದೆ. 1985ರಲ್ಲಿ ಹೊಸ ಬಲಿಪೀಠ ಬಂತು. ಅದರಲ್ಲಿ ಮೂರು ಕಲ್ಲು ಕೂರಿಸಿದ್ದಾರೆ, ಒಂದು ಐಯೋನದ್ದು, ಒಂದು ಲಿಂಡಿಸ್‌ಫಾರ್ನ್‌ನದು, ಒಂದು ಲಾಸ್ಟಿಂಗಂನದು. ಸೆಡ್‌ನ ಗುರು ಏಡನ್ ಹೊರಟುಬಂದ ಮಠ, ಸೆಡ್ ಬೆಳೆದ ಮನೆ, ಅವನ ಸಮಾಧಿ. ಪ್ರತಿ ಬೇಸಿಗೆಯಲ್ಲಿ ಯಾತ್ರೆ ನಡೆಯುತ್ತದೆ. ಹೊಲಗಳ ನಡುವೆ ರೋಮನ್ ರಸ್ತೆಯ ಜಾಡಿನಲ್ಲೇ ಸಾಗುವ ಕೊನೆಯ ಅರ್ಧ ಮೈಲಿಯನ್ನು ಎಲ್ಲರೂ ನಡೆದೇ ಬರಬೇಕು.

ಕಡಲಿನ ಕೊರೆತ ನಿಂತಿಲ್ಲ. ಒಡ್ಡಿನ ಹೊರಗಿನ ಉಪ್ಪುಜೌಗು ಅಲೆಗೆ ಕರಗುತ್ತಿದೆ, ಅದು ಹೋದರೆ ಒಡ್ಡಿಗೆ ಆಸರೆಯಿಲ್ಲ, ಒಡ್ಡು ಹೋದರೆ ಒಳಗಿನ ಹೊಲಗಳಿಗೆ ಉಪ್ಪುನೀರು ನುಗ್ಗುತ್ತದೆ. 1980ರ ದಶಕದಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಲಂಡನ್ ಬಂದರಿನಲ್ಲಿ ಸರಕು ಹೊತ್ತು ಕೆಲಸ ಮುಗಿಸಿದ್ದ ಥೇಮ್ಸ್ ನದಿಯ ಹಳೆಯ ಕಬ್ಬಿಣದ ದೋಣಿಗಳನ್ನು ಎಳೆದು ತಂದು, ಚಾಪೆಲ್‌ಗೆ ತುಸು ಉತ್ತರದ ಸೇಲ್ಸ್ ಪಾಯಿಂಟ್ ಎದುರು ಸಾಲಾಗಿ ಮುಳುಗಿಸಿದರು. ಅಲೆಗಳು ಮೊದಲು ಅವುಗಳಿಗೆ ಬಡಿದು ಬಲ ಕಳೆದುಕೊಂಡು ದಡಕ್ಕೆ ಬರುತ್ತವೆ. ತುಕ್ಕು ಹಿಡಿದ ಆ ಸಾಲು ಭರತ ಇಳಿದಾಗ ದಡದಿಂದ ಚೆನ್ನಾಗಿ ಕಾಣುತ್ತದೆ.